ಎರಡನೆಯ ಬ್ರೇಕು

ಹೊದಿಕೆಯ ಕೆಳಗೆ ಗಂಡನ ಬಲಗಾಲು ಮತ್ತೆ ತುಳಿಯಿತು. ಒದ್ದದ್ದಲ್ಲ, ನೋವಿಗೆ ಹೊರಳಿಸಿದ್ದೂ ಅಲ್ಲ; ಹಿಮ್ಮಡಿ ಊರಿ, ಮುಂಗಾಲು ಒತ್ತಿ, ಒಂದು ಗಳಿಗೆ ಹಾಗೆಯೇ ಹಿಡಿದು, ಆಮೇಲೆ ಹದವಾಗಿ ಬಿಟ್ಟದ್ದು. ಆ ಕಾಲನ್ನು ಅವಳು ಚೆನ್ನಾಗಿ ಬಲ್ಲಳು. ಊಟಕ್ಕೆ ಕೂತಾಗ, ಟಿವಿಯ ಮುಂದೆ ಕೂತಾಗ, ನಾಲ್ಕು ಜನರೆದುರು ಅವಳು ಏನಾದರೂ ಹೇಳಲು ಬಾಯಿ ತೆರೆದಾಗ ಅದು ಹೀಗೆಯೇ ನೆಲವನ್ನು ಒತ್ತುತ್ತಿತ್ತು. ಅವಳು ಬಾಯಿ ಮುಚ್ಚಿಕೊಳ್ಳುತ್ತಿದ್ದಳು. ಡ್ರೈವಿಂಗ್ ಸ್ಕೂಲಿನ ಮಾಸ್ತರನ ಕಾಲು ಅದು. ಅವನ ಕಾರಿನಲ್ಲಿ ಕಲಿಯುವವರ ಕಾಲಿನ ಕೆಳಗೊಂದು ಬ್ರೇಕಾದರೆ, ಪಕ್ಕದಲ್ಲಿ ಕೂರುವ ಅವನ ಕಾಲಿನ ಕೆಳಗೆ ಇನ್ನೊಂದು. ಕಲಿಯುವವರ ತಲೆಯಲ್ಲಿ ತಪ್ಪು ಹುಟ್ಟುವ ಮೊದಲೇ ಮಾಸ್ತರರ ಬ್ರೇಕು ಬಿದ್ದಿರುತ್ತದೆ ಎಂದು ಊರೆಲ್ಲ ಹೇಳುತ್ತಿತ್ತು. ಈಗ ಆ ಕಾಲಿಗೆ ತುಳಿಯಲು ಮಂಚದ ಕೊನೆಯ ಕಬ್ಬಿಣದ ಪಟ್ಟಿಯೊಂದೇ ಸಿಕ್ಕಿತ್ತು. ತುಳಿದಾಗಲೆಲ್ಲ ತೊಡೆಯ ಸಂದಿಯಲ್ಲಿ ಅಂಟಿಸಿದ್ದ ದಪ್ಪ ಹತ್ತಿಯ ಕಟ್ಟು ಅಲುಗುತ್ತಿತ್ತು, ಅದು ಇನ್ನೂ ಬಿಳಿಯಾಗಿದೆಯೋ ಇಲ್ಲವೋ ಎಂದು ಅವಳ ಕಣ್ಣು ಅಲ್ಲಿಗೇ ಹೋಗುತ್ತಿತ್ತು.

ನಿನ್ನೆ ಅಲ್ಲಿಂದಲೇ ತೆಳ್ಳನೆಯ ನಳಿಕೆಯೊಂದು ಹೃದಯದವರೆಗೆ ಹೋಗಿ ಕಟ್ಟಿಕೊಂಡಿದ್ದ ನಾಳವನ್ನು ಬಿಡಿಸಿತ್ತು. ಗಂಡಾಂತರ ಕಳೆಯಿತು ಎಂದುಕೊಂಡಿದ್ದಳು. ಬೆಳಿಗ್ಗೆ ನಳಿಕೆ ತೆಗೆದು ಕಟ್ಟು ಹಾಕಿದ ಸ್ವಲ್ಪ ಹೊತ್ತಿಗೆ ಅವನು ಇದ್ದಕ್ಕಿದ್ದಂತೆ ಎದ್ದು ಕೂತು, ಎದುರಿನ ಗೋಡೆ ನೋಡಿ, "ಲಾರಿ ಬರ್ತಿದೆ, ಎಡಕ್ಕೆ ತಗೊಳ್ಳಿ" ಎಂದ. ಹಾಸಿಗೆ ಕೆಂಪಗೆ ತೊಯ್ದುಹೋಯಿತು. ಸಿಸ್ಟರ್ ಓಡಿಬಂದು ಎರಡೂ ಅಂಗೈ ಊರಿ, ಮೈಯ ಭಾರವನ್ನೆಲ್ಲ ಬಿಟ್ಟು ಒತ್ತಿ ಹಿಡಿದಳು. ಅವಳ ಹಣೆಯ ಬೆವರು ಗಂಡನ ಹೊಟ್ಟೆಯ ಮೇಲೆ ತೊಟ್ಟಿಕ್ಕುವುದನ್ನು ನೋಡುತ್ತ ಬೋರ್ಡಕ್ಕ ಗೋಡೆಗೆ ಅಂಟಿಕೊಂಡು ನಿಂತಿದ್ದಳು. ಬೋರ್ಡಕ್ಕ ಎನ್ನುವುದು ಕಲಿಯಲು ಬರುವವರು ಮಾಸ್ತರನ ಹೆಂಡತಿಗೆ ಇಟ್ಟ ಹೆಸರು. ಮನೆಯ ಮುಂದಿನ ಕೋಣೆಯಲ್ಲಿ ರಟ್ಟಿನ ಮೇಲೆ ಅಂಟಿಸಿದ ರಸ್ತೆ ಚಿಹ್ನೆಗಳನ್ನು ಒಂದೊಂದಾಗಿ ಎತ್ತಿ ಹಿಡಿದು, ಇದೇನು, ಇದು ಕಂಡರೆ ಏನು ಮಾಡಬೇಕು ಎಂದು ಪರೀಕ್ಷೆಗೆ ಪಾಠ ಹೇಳುವವಳು ಅವಳು. ಊರಿನ ಅರ್ಧಕ್ಕರ್ಧ ಜನಕ್ಕೆ ರಸ್ತೆಯ ನಿಯಮ ಹೇಳಿಕೊಟ್ಟ ಅವಳಿಗೆ ಕಾರು ಓಡಿಸಲು ಬರುವುದಿಲ್ಲ. ದೀಪದ ಬುಡದಲ್ಲೇ ಕತ್ತಲೆ ಎಂದು ನೆಂಟರು ನಗುವಾಗ ಅವಳೂ ನಗುತ್ತಾಳೆ.

"ಇದು ಹುಚ್ಚಲ್ಲ ಅಮ್ಮ," ಎಂದಿದ್ದರು ಡಾಕ್ಟರು, ವಯಸ್ಸಿನಲ್ಲಿ ಚಿಕ್ಕವರು, ಮಾತು ಮೆಲ್ಲಗೆ. "ಹಾರ್ಟ್ ಅಟ್ಯಾಕ್ ಆಗಿ ಬಂದೋರಲ್ಲಿ ಕೆಲವರಿಗೆ ಹೀಗಾಗತ್ತೆ, ವಯಸ್ಸಾದೋರಿಗೆ ಇನ್ನೂ ಜಾಸ್ತಿ. ನಿದ್ದೆ ಇರಲ್ಲ, ಔಷಧಿ, ಈ ಮಿಷನ್‌ಗಳ ಸದ್ದು, ಎಲ್ಲಾ ಸೇರಿ ಬುದ್ಧಿ ದಾರಿ ತಪ್ಪತ್ತೆ. ತಾನಾಗೇ ಸರಿಹೋಗತ್ತೆ. ಆದ್ರೆ ಸಂಜೆ ತನಕ ಆ ಕಾಲು ಮಡಚೋ ಹಾಗಿಲ್ಲ. ರಕ್ತ ತೆಳು ಮಾಡೋಕೆ ಔಷಧಿ ಕೊಟ್ಟಿದೀವಿ, ಮತ್ತೆ ಹರಿದ್ರೆ ನಿಲ್ಲಿಸೋದು ಕಷ್ಟ. ಇನ್ನೊಂದು ಸಲ ಅಷ್ಟು ರಕ್ತ ಹೋದ್ರೆ ಆ ಹೃದಯ ತಡ್ಕೊಳ್ಳಲ್ಲ." ನಿದ್ದೆಯ ಮದ್ದು ಕೊಡಬಾರದೇ ಎಂದು ಕೇಳಿದ್ದಕ್ಕೆ, ಕೊಟ್ಟರೆ ರಕ್ತದೊತ್ತಡ ಇನ್ನೂ ಇಳಿಯುತ್ತದೆ, ಗಲಿಬಿಲಿ ಹೆಚ್ಚಾದರೂ ಆಯಿತು ಎಂದರು. ಬಟ್ಟೆಯ ಪಟ್ಟಿಯಿಂದ ಕಾಲನ್ನು ಮಂಚಕ್ಕೆ ಕಟ್ಟಿಯೂ ನೋಡಿದರು. ಕಟ್ಟಿದ ಕೂಡಲೇ ಅವನು ಬಲೆಗೆ ಬಿದ್ದ ಪ್ರಾಣಿಯ ಹಾಗೆ ಒದ್ದಾಡಿದ, ತಲೆಯ ಹತ್ತಿರದ ಯಂತ್ರ ಕಿರುಚಿಕೊಂಡಿತು, ಸಿಸ್ಟರೇ ಅವಸರವಾಗಿ ಗಂಟು ಬಿಚ್ಚಿದಳು. ಕೊನೆಗೆ ಉಳಿದದ್ದು ಮಾತು. "ಪಕ್ಕದಲ್ಲಿ ಕೂತು ಹೇಳ್ತಾ ಇರಿ. ನೀವ್ಯಾರು, ಇದ್ಯಾವ ಜಾಗ, ಯಾವ ಹೊತ್ತು. ಅವರ ಭ್ರಮೆಗೆ ಹೂಂಗುಟ್ಟೋಕೆ ಹೋಗ್ಬೇಡಿ."

ಎಡಗಡೆಯ ಸ್ಟೂಲಿನ ಮೇಲೆ ಕೂತು ಅವಳು ಹೇಳುತ್ತಲೇ ಇದ್ದಳು. ಆಸ್ಪತ್ರೆ, ಮಧ್ಯಾಹ್ನ, ನಾನು. ಹೇಳಿ ಹೇಳಿ ಆ ಮೂರೂ ಮಾತುಗಳಲ್ಲಿ ಅವಳಿಗೇ ನಂಬಿಕೆ ಹೋಗತೊಡಗಿತ್ತು. ಸಿಸ್ಟರ್ ಬಾಟಲಿ ಬದಲಿಸಬೇಕು, ಸ್ವಲ್ಪ ಆ ಕಡೆಗೆ ಬನ್ನಿ ಎಂದಾಗ ಸ್ಟೂಲು ಎತ್ತಿಕೊಂಡು ಬಲಗಡೆಗೆ ಹೋಗಿ ಕೂತಳು. ಕಾರಿನಲ್ಲಿ ಕಲಿಯುವವರು ಕೂರುವುದು ಅವನ ಬಲಕ್ಕೇ ಎಂಬುದು ಆ ಕ್ಷಣಕ್ಕೆ ಹೊಳೆಯಲಿಲ್ಲ. ಅವನು ಅವಳ ಮುಖ ನೋಡಲಿಲ್ಲ. ಎದುರಿಗೆ, ಹಸಿರು ಪರದೆಯ ಮೇಲೆಯೇ ಕಣ್ಣು. "ಸೀಟ್ ಸರಿಯಾಯ್ತಾ? ಕನ್ನಡಿ ನೋಡ್ಕೊಳ್ಳಿ. ಹೆದರ್ಬೇಡಿ, ಮೊದಲನೇ ದಿನ ಎಲ್ರಿಗೂ ಕೈ ನಡುಗತ್ತೆ." ಎಂಥ ಮೆತ್ತನೆಯ ದನಿ. ಬಹುವಚನ ಬೇರೆ. ಇಷ್ಟು ವರ್ಷ ಸಂಸಾರ ಮಾಡಿದ ಮೇಲೆ ಆ ದನಿ ತನ್ನ ಕಡೆಗೆ ತಿರುಗಿದ್ದಕ್ಕೆ ಅವಳ ಮೈ ಜುಂ ಎಂದಿತು, ಮರುಗಳಿಗೆಯೇ ನಾಚಿಕೆಯಾಯಿತು. "ರೀ, ನಾನು ಕಣ್ರೀ," ಎಂದಳು. "ನಿಮ್ಮ ಹೆಂಡ್ತಿ. ಇದು ಆಸ್ಪತ್ರೆ."

ಅವನ ಮುಖ ಬಿಗಿಯಿತು. "ಅವಳನ್ನ ಯಾಕೆ ಕೂರಿಸಿದ್ರಿ? ಇಳಿಸಿ ಮೊದ್ಲು. ಅವಳ ಕೈಗೆ ಸ್ಟೀರಿಂಗ್ ಕೊಡ್ಬೇಡಿ, ಗೋಡೆಗೆ ಹೊಡೀತಾಳೆ." ಕಾಲು ಬಲವಾಗಿ ಒತ್ತಿತು, ಒತ್ತಿದ್ದು ಸಾಲದೆಂದು ಮಂಡಿಯೇ ಮೇಲೆದ್ದಿತು. ಸಿಸ್ಟರ್ ಬಾಟಲಿ ಬಿಟ್ಟು ಮಂಡಿಯ ಮೇಲೆ ಬಿದ್ದು ಹಿಡಿದಳು. ಹತ್ತಿಯ ಅಂಚಿನಲ್ಲಿ ಕಡಲೆಬೇಳೆಯಷ್ಟು ಕೆಂಪು ಮೂಡಿತು, ಹಿಗ್ಗಿತು, ಸಿಸ್ಟರ್ ಒತ್ತಿದ ಮೇಲೆ ನಿಂತಿತು. ಅವನಾಡಿದ ಮಾತು ಕೇಳಿಸಲೇ ಇಲ್ಲ ಎನ್ನುವ ಹಾಗೆ ಸಿಸ್ಟರ್ ಯಂತ್ರದ ಕಡೆ ನೋಡುತ್ತಿದ್ದಳು. ಆ ನೋಡದಿರುವಿಕೆಯೇ ಬೋರ್ಡಕ್ಕನಿಗೆ ಹೆಚ್ಚು ಚುಚ್ಚಿತು.

ಗೋಡೆಗೆ ಹೊಡೆದದ್ದು ನಿಜ. ಮದುವೆಯಾದ ಹೊಸದರಲ್ಲಿ ಒಮ್ಮೆ ಖಾಲಿ ಮೈದಾನಕ್ಕೆ ಕರೆದುಕೊಂಡು ಹೋಗಿದ್ದ. ಅವಳು ಕ್ಲಚ್ಚು ಬಿಡುವ ಮೊದಲೇ ಅವನ ಬ್ರೇಕು ಬೀಳುತ್ತಿತ್ತು, ಕಾರು ಕೆಮ್ಮಿ ನಿಲ್ಲುತ್ತಿತ್ತು. ಮತ್ತೆ ಶುರು, ಮತ್ತೆ ಬ್ರೇಕು. ಕೊನೆಗೊಮ್ಮೆ ಅವನ ಕಾಲಿಗಿಂತ ಮುಂಚೆ ಹೋಗಬೇಕೆಂಬ ಹಟಕ್ಕೆ ಆಕ್ಸಿಲರೇಟರ್ ಒತ್ತಿಬಿಟ್ಟಳು, ಕಾಂಪೌಂಡಿನ ಮೂಲೆ ಉದುರಿತು. ಅವನು ಬೈಯಲಿಲ್ಲ, ನಕ್ಕ. ಬೈದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಆ ನಗು ಮಾತ್ರ ಮನೆಗೆ ಬಂದ ನೆಂಟರಿಗೆಲ್ಲ ಬಡಿಸುವ ಪದಾರ್ಥವಾಯಿತು: ಊರಿಗೆಲ್ಲ ಕಲಿಸಿದೆ, ಮನೆಯವಳ ಮುಂದೆ ನನ್ನ ಬ್ರೇಕೇ ಸವೆದುಹೋಯ್ತು. ನಿನ್ನೆ ಬೆಳಿಗ್ಗೆ ಎದೆ ಹಿಡಿದುಕೊಂಡು ಮೆಟ್ಟಿಲ ಮೇಲೆ ಕುಸಿದಾಗ ಕಾರು ಗೇಟಿನ ಎದುರಿಗೇ ನಿಂತಿತ್ತು. ಅವನು ಜೇಬಿನಿಂದ ಕೀ ತೆಗೆದು ಅವಳ ಕಡೆ ಚಾಚಿದ. ಅವಳು ಕೈ ಮುಂದೆ ಮಾಡಿದ್ದಳು. ಅಷ್ಟರಲ್ಲಿ ಅವನಿಗೆ ಅವಳು ಯಾರೆಂದು ನೆನಪಾಯಿತು. ಬೂದಿಯಾಗಿದ್ದ ಆ ಮುಖದಲ್ಲೂ ಅದು ಕಾಣಿಸಿತು. ಕೀಯನ್ನು ಹಿಂದಕ್ಕೆ ತೆಗೆದುಕೊಂಡು ಜೇಬಿಗೆ ಹಾಕಿಕೊಂಡ. ಅವಳು ಬರಿಗಾಲಲ್ಲಿ ಬೀದಿಗೆ ಓಡಿದಳು, ಔಷಧಿ ಅಂಗಡಿಯವರು ಷಟರ್ ಅರ್ಧಕ್ಕೇ ಬಿಟ್ಟು ಬಂದು ಕಾರು ತೆಗೆದರು. ದಾರಿಯುದ್ದಕ್ಕೂ ಅವಳು ಹಿಂದಿನ ಸೀಟಿನಲ್ಲಿ ಗಂಡನ ತಲೆ ಹಿಡಿದುಕೊಂಡು ಕೂತಿದ್ದಳು, ಕೀ ಚಾಚಿದ ಆ ಕೈ ಕಣ್ಣಿನಿಂದ ಹೋಗಲಿಲ್ಲ.

ಕಾಲು ಮತ್ತೆ ತುಳಿಯಿತು. ಹತ್ತಿ ಅಲುಗಿತು. "ಏನ್ ಕಾಣ್ತಿದೆ, ಬಾಯಲ್ಲಿ ಹೇಳಿ," ಎಂದ. ಅದು ಅವನ ಪಾಠದ ಕ್ರಮ. ಕಲಿಯುವವರು ಕಂಡದ್ದನ್ನೆಲ್ಲ ಜೋರಾಗಿ ಹೇಳುತ್ತ ಓಡಿಸಬೇಕು. ನಿಮ್ಮ ಕಣ್ಣು ಎಲ್ಲಿದೆ ಅಂತ ನನಗೆ ನಿಮ್ಮ ಬಾಯಿಂದ ಗೊತ್ತಾಗ್ಬೇಕು ಎನ್ನುತ್ತಿದ್ದ. ಅವಳು ಸಿಸ್ಟರ್ ಮುಖ ನೋಡಿದಳು. ಡಾಕ್ಟರ್ ಹೇಳಿದ್ದು ನೆನಪಿತ್ತು. ಸೆರಗಿನಿಂದ ಬಾಯಿ ಒರೆಸಿಕೊಂಡಳು. "ಶಾಲೆಯ ಬೋರ್ಡ್ ಕಾಣ್ತಿದೆ, ಮಾಸ್ಟ್ರೇ," ಎಂದಳು. "ನಿಧಾನ ಮಾಡ್ತಿದೀನಿ."

ಮಾಸ್ಟ್ರೇ ಎಂದು ಗಂಡನನ್ನು ಅವಳು ಕರೆದದ್ದು ಅದೇ ಮೊದಲು. ಕಾಲು ಒತ್ತಲಿಲ್ಲ. ಹಿಮ್ಮಡಿಯ ಮೇಲೆ ನಿಂತು ಕಾಯಿತು. "ಹೂಂ. ಆಮೇಲೆ?" ಆಮೇಲೆ ಅವಳು ಮುಂದಿನ ಕೋಣೆಯ ರಟ್ಟಿನ ಬೋರ್ಡುಗಳನ್ನೆಲ್ಲ ಒಂದೊಂದಾಗಿ ಆ ವಾರ್ಡಿನ ರಸ್ತೆಯಲ್ಲಿ ನೆಟ್ಟಳು. ಇಕ್ಕಟ್ಟಾದ ಸೇತುವೆ, ಎದುರಿನವರಿಗೆ ದಾರಿ ಬಿಡ್ತೀನಿ. ಬಲಕ್ಕೆ ತಿರುವು, ಮೊದಲು ಕನ್ನಡಿ, ಆಮೇಲೆ ಇಂಡಿಕೇಟರ್. ಊಟದ ಗಾಡಿ ಗಡಗಡ ಎಂದು ಹೋದಾಗ ಅವನ ಕಾಲು ಚುರುಕಾಯಿತು, ಅವಳು ಬಿಡಲಿಲ್ಲ: "ಟ್ರ್ಯಾಕ್ಟರ್, ಮಾಸ್ಟ್ರೇ. ಹಿಂದೇನೇ ಇರ್ತೀನಿ, ಓವರ್‌ಟೇಕ್ ಮಾಡಲ್ಲ." ಪಕ್ಕದ ಹಾಸಿಗೆಯ ಯಂತ್ರ ಕೂಗಿಕೊಂಡಾಗ, "ಯಾರ್ರೀ ಅದು, ಸುಮ್ಮನೆ ಹಾರ್ನ್ ಹೊಡೀತಿರೋದು?" ಎಂದ. "ಬಸ್ಸು. ಅವಸರದಲ್ಲಿದಾನೆ, ಹೋಗ್ಲಿ ಬಿಡಿ," ಎಂದಳು. ಸಿಸ್ಟರ್ ನಗು ತಡೆದುಕೊಂಡು ಆ ಕಡೆ ಹೋದಳು. ಡಾಕ್ಟರು ಸುತ್ತು ಬಂದವರು ಪರದೆಯ ಹತ್ತಿರ ನಿಂತು ಕೇಳಿಸಿಕೊಂಡರು. ಅವಳಿಗೆ ಕದ್ದು ತಿನ್ನುವಾಗ ಸಿಕ್ಕಿಬಿದ್ದಂತಾಗಿ ಮಾತು ತಡವರಿಸಿತು. ತಡವರಿಸಿದ ಕೂಡಲೇ ಆ ಕಾಲು ಒತ್ತಿತು. ಡಾಕ್ಟರು ಕಾಲು ನೋಡಿದರು, ಯಂತ್ರ ನೋಡಿದರು. "ನಾನು ಹೇಳಿದ್ದು ಇದಲ್ಲ," ಎಂದರು ಮೆಲ್ಲಗೆ. "ಆದ್ರೆ ಸದ್ಯಕ್ಕೆ ನಿಲ್ಲಿಸ್ಬೇಡಿ."

ನಿಲ್ಲಿಸಲಿಲ್ಲ. ಗಂಟಲು ಒಣಗಿದರೂ ನೀರಿಗೆ ಕೈ ಚಾಚಲಿಲ್ಲ. ಹೋಗುತ್ತ ಹೋಗುತ್ತ ರಸ್ತೆ ನಿಜವಾಗಿಯೇ ಕಾಣತೊಡಗಿತು. ಮಡಿಲಲ್ಲಿದ್ದ ಕೈಗಳು ತಾವಾಗಿಯೇ ತಿರುಗುತ್ತಿದ್ದವು, ಪಾದ ಚಪ್ಪಲಿಯೊಳಗೆ ಕ್ಲಚ್ಚು ಹುಡುಕುತ್ತಿತ್ತು. ಅವನು ಹೇಳುವ ಮೊದಲೇ ಅವಳಿಗೆ ಗೇರು ಗೊತ್ತಿತ್ತು. ಗೊತ್ತಿರದೆ ಏನು? ಇಷ್ಟು ವರ್ಷ ಅವನು ಮುಂದಿನ ಕೋಣೆಗೆ ಬಂದು ಕೂತು ಹೇಳುವುದನ್ನು ಕೇಳಿದ್ದಾಳೆ, ಯಾರು ಎಲ್ಲಿ ತಪ್ಪಿದರು, ಏನು ಮಾಡಬೇಕಿತ್ತು ಎಂದು. ಖುಷಿಯಾಗುತ್ತಿತ್ತು ಅವಳಿಗೆ. ಗಂಡ ಸಾವಿನ ಅಂಚಿನಲ್ಲಿ ಮಲಗಿರುವಾಗ ತನಗೆ ಖುಷಿಯಾಗುತ್ತಿದೆಯಲ್ಲ ಎಂದು ಗೊತ್ತಾದ ಮೇಲೂ ಆ ಖುಷಿ ಹೋಗಲಿಲ್ಲ.

"ಕೈ ಕೂತಿದೆ ನಿಮ್ದು," ಎಂದ ಅವನು. "ಎಲ್ಲಿ ಕಲಿತ್ರಿ ಇಷ್ಟು ದಿನ?"

"ನಿಮ್ಮ ಮನೇಲೇ, ಮಾಸ್ಟ್ರೇ."

ಅವನು ತೃಪ್ತಿಯಿಂದ ತಲೆಯಾಡಿಸಿದ. ಆಗ ಹೊದಿಕೆಯ ಕೆಳಗೆ ಇನ್ನೊಂದು ಚಲನೆ ಶುರುವಾಯಿತು. ಎಡಗಾಲಿನ ಹೆಬ್ಬೆರಳು ಬಲಗಾಲಿನ ಹಿಮ್ಮಡಿಯನ್ನು ಉಜ್ಜುತ್ತಿತ್ತು, ಏನನ್ನೋ ಕಳಚುವ ಹಾಗೆ. ಚಪ್ಪಲಿ. ಅವನ ಕಾರಿನಲ್ಲಿ ಪಾಸಾದದ್ದು ಗೊತ್ತಾಗುವುದು ಲೈಸೆನ್ಸಿನಿಂದಲ್ಲ. ಇನ್ನು ಇವರ ಕೈ ನಂಬಬಹುದು ಎಂದು ಅನ್ನಿಸಿದ ದಿನ ಮಾಸ್ತರ ಚಪ್ಪಲಿ ಬಿಟ್ಟು, ಎರಡೂ ಕಾಲನ್ನು ಸೀಟಿನ ಮೇಲೆ ಎತ್ತಿ, ಚಕ್ಕಳಮಕ್ಕಳ ಹಾಕಿ ಕೂತುಬಿಡುತ್ತಾನೆ, ಎರಡನೆಯ ಬ್ರೇಕಿಗೆ ಕಾಲೇ ಇಲ್ಲದ ಹಾಗೆ. ಅಂಥ ದಿನ ಜನ ಓಡಿಬಂದು ಮೊದಲು ಹೇಳುವುದು ಬೋರ್ಡಕ್ಕನಿಗೆ: ಅಕ್ಕಾ, ಮಾಸ್ಟ್ರು ಇವತ್ತು ಕಾಲು ಮಡಚಿದ್ರು. ಬ್ಯಾಂಕಿನವರು ಹೇಳಿದ್ದಾರೆ, ಟೀಚರು ಹೇಳಿದ್ದಾರೆ, ಮೊಮ್ಮಕ್ಕಳನ್ನು ಕಂಡ ಅಜ್ಜಿಯೊಬ್ಬರು ಕಣ್ಣಲ್ಲಿ ನೀರು ತಂದುಕೊಂಡು ಹೇಳಿದ್ದಾರೆ. ಕೇಳಿದಾಗಲೆಲ್ಲ ಒಳ್ಳೇದಾಯ್ತು ಎಂದು ಅವಳು ಕೈಯಲ್ಲಿದ್ದ ಬೋರ್ಡನ್ನು ಗೋಡೆಗೆ ಒರಗಿಸುತ್ತಿದ್ದಳು.

ಅತ್ತ ದರಿ, ಇತ್ತ ಹುಲಿ. ಕೆಟ್ಟದಾಗಿ ಓಡಿಸಿದರೆ ಕಾಲು ಒತ್ತುತ್ತದೆ, ಚೆನ್ನಾಗಿ ಓಡಿಸಿದರೆ ಕಾಲು ಮಡಚುತ್ತದೆ. ಒತ್ತಿದರೆ ಕಡಲೆಬೇಳೆಯಷ್ಟು ರಕ್ತ, ಮಡಚಿದರೆ ಬೆಳಗಿನದು. ಸಿಸ್ಟರ್ ವಾರ್ಡಿನ ಆ ತುದಿಯಲ್ಲಿ ಯಾರಿಗೋ ಬೆನ್ನು ಮಾಡಿ ನಿಂತಿದ್ದಳು. ಬೋರ್ಡಕ್ಕ ಹೇಳಬೇಕಿತ್ತು, ಆಗಲೇ, ಆ ಹೆಬ್ಬೆರಳು ಅಲುಗಿದಾಗಲೇ ಏನಾದರೊಂದು ತಪ್ಪು ಮಾಡಿ ತೋರಿಸಬೇಕಿತ್ತು. ಹೇಳಲಿಲ್ಲ. "ಇನ್ನು ನನ್ನ ಕಾಲಿಗೆ ಕೆಲ್ಸ ಇಲ್ಲ," ಎಂದ ಅವನು, ಅದೇ ಮೆತ್ತನೆಯ ದನಿಯಲ್ಲಿ, ಮತ್ತು ಮಂಡಿ ಹಾಸಿಗೆಯಿಂದ ಮೇಲೆದ್ದಿತು, ಅಂಗೈಯಷ್ಟು. ಹೊದಿಕೆ ಗುಡಾರದ ಹಾಗೆ ಎದ್ದು ನಿಂತಿತು. ಅವಳು ನೋಡುತ್ತಿದ್ದಳು. ಮಡಚುತ್ತಿದ್ದಾನೆ, ನನಗೆ, ನನಗೆ ಕಾಲು ಮಡಚುತ್ತಿದ್ದಾನೆ ಎಂದು ಒಳಗೆ ಯಾರೋ ಕೂಗುತ್ತಿದ್ದರು. ಒಂದು ಉಸಿರು ಎಳೆದುಕೊಂಡು ಬಿಡುವಷ್ಟು ಹೊತ್ತು ಅವಳಿಗೆ ಹತ್ತಿಯ ಕಟ್ಟು ನೆನಪಿರಲಿಲ್ಲ. ಅಥವಾ ನೆನಪಿತ್ತು.

"ಮಾಸ್ಟ್ರೇ," ಎಂದಳು. "ತಿರುವಿನಲ್ಲಿ ಇಂಡಿಕೇಟರ್ ಹಾಕೋದು ಮರೆತೆ."

ಮಂಡಿ ನಿಂತಿತು. ನಿಧಾನವಾಗಿ ಹಾಸಿಗೆಗೆ ಇಳಿಯಿತು. ಹಿಮ್ಮಡಿ ತನ್ನ ಜಾಗ ಹುಡುಕಿಕೊಂಡು ಊರಿತು, ಮುಂಗಾಲು ಕಾಯುತ್ತ ನಿಂತಿತು. "ಛೆ," ಎಂದ. ಬೈಗುಳವಲ್ಲ, ಮರುಕ. "ಇಷ್ಟು ದೂರ ಬಂದು. ಇರ್ಲಿ, ಇನ್ನೊಂದು ಸುತ್ತು ಹೋಗೋಣ." ಅವಳು ಬಗ್ಗಿ ಹೊದಿಕೆ ಸರಿಸಿ ನೋಡಿದಳು. ಬಿಳಿ ಬಿಳಿಯಾಗಿಯೇ ಇತ್ತು.

ಸಂಜೆಯ ಬಿಸಿಲು ಕಿಟಕಿಯಿಂದ ಇಳಿದು ಪರದೆಯವರೆಗೆ ಬರುವ ತನಕ ಹೀಗೇ ಸುತ್ತಿದರು. ಚೆನ್ನಾಗಿ ಓಡಿಸುವುದು, ಹೆಬ್ಬೆರಳು ಚಪ್ಪಲಿ ಹುಡುಕಿದ ಕೂಡಲೇ ಸಣ್ಣದೊಂದು ತಪ್ಪು. ಕನ್ನಡಿ ನೋಡಲಿಲ್ಲ. ಗೇರು ಇಳಿಸುವುದು ತಡವಾಯಿತು. ತಪ್ಪು ದೊಡ್ಡದಾದರೆ ಬ್ರೇಕು ಬೀಳುತ್ತದೆ, ಆದ್ದರಿಂದ ಉಪ್ಪು ಹಾಕುವ ಹಾಗೆ ಅಳೆದು ಹಾಕಬೇಕು. ಇದೇನು ಅವಳಿಗೆ ಹೊಸ ವಿದ್ಯೆಯಲ್ಲ. ಗೊತ್ತಿದ್ದೂ ಗೊತ್ತಿಲ್ಲದವಳಂತೆ, ಅವನ ಕಾಲಿಗೆ ಕೆಲಸ ತಪ್ಪದಂತೆ ಬದುಕಿದ್ದು ಅವಳಿಗೆ ರೂಢಿಯೇ. ಆದರೆ ಆ ಮೊದಲನೆಯ ಸಲದ ಮಂಡಿ ಮಾತ್ರ ಪ್ರತಿ ಸುತ್ತಿನಲ್ಲೂ ಅವಳ ಕಣ್ಣೆದುರು ಎದ್ದು ನಿಲ್ಲುತ್ತಿತ್ತು. ಡಾಕ್ಟರು ಬಂದು ಕಟ್ಟು ಬಿಚ್ಚಿ ನೋಡಿ, ಗಾಯ ಕೂಡಿಕೊಂಡಿದೆ, ಇನ್ನು ಭಯವಿಲ್ಲ ಎಂದಾಗ ಅವನು ಬಾಯಿ ತೆರೆದುಕೊಂಡು ನಿದ್ದೆ ಹೋಗಿದ್ದ. "ಬದುಕಿಸಿದ್ರಿ ಅಮ್ಮ ನೀವು," ಎಂದಳು ಸಿಸ್ಟರ್. ಬೋರ್ಡಕ್ಕ ನೀರಿನ ಬಾಟಲಿ ಎತ್ತಿ ಗಟಗಟ ಕುಡಿದಳು.

ಮರುದಿನ ಬೆಳಿಗ್ಗೆ ಅವನು ಕಣ್ಣು ಬಿಟ್ಟು, ಸುತ್ತ ನೋಡಿ, "ಏ, ಕನ್ನಡಕ ಎಲ್ಲಿಟ್ಟೆ?" ಎಂದ. ಅವನೇ. ಅವಳ ಕಣ್ಣು ತುಂಬಿ ಬಂತು, ಕನ್ನಡಕವನ್ನು ಸೆರಗಿನಲ್ಲಿ ಒರೆಸುವ ನೆಪದಲ್ಲಿ ಮುಖ ತಿರುಗಿಸಿದಳು. ಹೊತ್ತೇರಿದ ಮೇಲೆ ಔಷಧಿ ಅಂಗಡಿಯವರು ನೋಡಲು ಬಂದರು. ಮನೆಯೆದುರು ಕಾರು ನಿಲ್ಲಿಸಿದ್ದೇನೆ, ಕೀ ಇಗೊಳ್ಳಿ ಎಂದು ಮೇಜಿನ ಮೇಲಿಟ್ಟರು. "ನೀವಿಲ್ದಿದ್ರೆ ನನ್ನ ಕಥೆ ಮುಗೀತಿತ್ತು," ಎಂದ ಅವನು. "ಇವಳನ್ನ ನಂಬ್ಕೊಂಡಿದ್ರೆ ದಾರೀಲಿ ಗೋಡೆಗಳೆಲ್ಲ ಹೋಗ್ತಿದ್ವು." ಅವರು ನಕ್ಕರು. ಸಿಸ್ಟರ್ ನಗಲಿಲ್ಲ. "ನಿನ್ನೆ ಮಧ್ಯಾಹ್ನ ಏನಾದ್ರೂ ನೆನಪಿದ್ಯಾ ಮಾಸ್ಟ್ರೇ?" ಎಂದು ಕೇಳಿದಳು.

ಅವನು ಯೋಚಿಸಿದ. "ಒಬ್ರು ಹೆಂಗಸು. ಕ್ಲಾಸ್ ತಗೊಳ್ತಿದ್ದೆ. ಮುಖ ನೋಡ್ಲಿಲ್ಲ, ನಾನು ರಸ್ತೆ ನೋಡೋನು. ಎಂಥ ಕೈ ಅಂತೀರಿ. ಅಂಥವರು ನನಗೆ ಅಪರೂಪಕ್ಕೂ ಸಿಕ್ಕಿಲ್ಲ. ಇನ್ನೇನು ಪಾಸ್ ಮಾಡ್ಬೇಕು ಅನ್ನೋಷ್ಟರಲ್ಲಿ ಪ್ರತಿ ಸಲ ಏನೋ ಒಂದು ತಪ್ಪು. ಪಾಪ."

"ಬೇಕಂತಲೇ ಮಾಡಿರ್ಬೇಕು," ಎಂದಳು ಬೋರ್ಡಕ್ಕ.

"ಬೇಕಂತ ಯಾರಾದ್ರೂ ಫೇಲ್ ಆಗ್ತಾರೇನೆ? ನಿನಗೆ ಡ್ರೈವಿಂಗ್ ಬಂದಿದ್ರಲ್ವಾ ಗೊತ್ತಾಗೋದು." ಹೊದಿಕೆಯ ಕೆಳಗೆ ಕಾಲು ಒತ್ತಿತು. ಸಿಸ್ಟರ್ ಬೋರ್ಡಕ್ಕನ ಮುಖ ನೋಡಿದಳು, ಹೇಳಿ ಎನ್ನುವಂತೆ. ಹೇಳಬಹುದಿತ್ತು. ಬಾಯಿಯ ತನಕ ಬಂದಿತ್ತು ಮಾತು. ಆದರೆ ಹೇಳಿದರೆ ಪೂರ್ತಿ ಹೇಳಬೇಕು. ಮಂಡಿ ಏಳುವುದನ್ನು ನೋಡುತ್ತ ಕೂತ ಆ ಒಂದು ಉಸಿರಿನ ಹೊತ್ತನ್ನು ಮುಚ್ಚಿಟ್ಟು ಹೇಳಿದರೆ ಅದು ಇನ್ನೊಂದು ಸುಳ್ಳು. ಅವಳು ಮೇಜಿನ ಮೇಲಿನ ಕೀಯನ್ನು ತೆಗೆದು ಸೊಂಟಕ್ಕೆ ಸಿಕ್ಕಿಸಿಕೊಂಡಳು.

ಎಲ್ಲರೂ ಹೋದ ಮೇಲೆ ಅವನು ಬೆನ್ನು ನೋವೆಂದು ನರಳಿದ. ಎದ್ದು ಕೂರಬಹುದು, ಕಾಲು ಮಡಚಬಹುದು ಎಂದು ಸಿಸ್ಟರ್ ಹೇಳಿಹೋಗಿದ್ದಳು. ಅವನಿಗೆ ಧೈರ್ಯ ಬರಲಿಲ್ಲ. "ನೀನು ಹಿಡ್ಕೋ," ಎಂದ, ಸಣ್ಣ ದನಿಯಲ್ಲಿ. ಅವಳು ಮಂಡಿಯ ಕೆಳಗೆ ಕೈ ಕೊಟ್ಟು ಎತ್ತಿದಳು. ಗಾಯದ ಮೇಲೆ ಒಂದು ಅಂಗೈ ಇಟ್ಟುಕೊಂಡೇ ಇದ್ದಳು. ಬಲಗಾಲು ಮಡಚಿತು, ಆಮೇಲೆ ಎಡಗಾಲು. ಚಕ್ಕಳಮಕ್ಕಳ ಹಾಕಿ, ತೊಡೆಯ ಮೇಲೆ ಕೈಯಿಟ್ಟು, ನೆಮ್ಮದಿಯಿಂದ ಎದುರಿನ ಪರದೆ ನೋಡುತ್ತ ಕೂತ. ಅವಳು ಸ್ಟೂಲಿನ ಮೇಲೆ ಅವನ ಬಲಕ್ಕೆ ಕೂತಳು.

"ಮನೆಗೆ ಹೋದ್ಮೇಲೆ ನನಗೆ ಡ್ರೈವಿಂಗ್ ಕಲಿಸ್ಬೇಕು ನೀವು," ಎಂದಳು.

ಅವನು ತಿರುಗಿ ನೋಡಿದ. ನಗಲು ಹೊರಟ ಬಾಯಿ ಅವಳ ಮುಖ ಕಂಡು ನಿಂತಿತು. "ಈ ವಯಸ್ಸಲ್ಲಿ?" ಎಂದ. ಹೊದಿಕೆಯನ್ನು ಮಂಡಿಯ ಮೇಲೆ ಎಳೆದುಕೊಂಡು, "ಆಯ್ತು, ನೋಡೋಣ. ನನಗೂ ಬ್ರೇಕ್ ತುಳಿದು ಸಾಕಾಯ್ತು, ನಿನ್ನ ಪಕ್ಕದಲ್ಲಿ ಕಾಲು ಮಡಚ್ಕೊಂಡು ಕೂತಿರ್ತೀನಿ."

"ಬೇಡ," ಎಂದಳು ಅವಳು. "ಬ್ರೇಕ್ ಮೇಲಿಂದ ಕಾಲು ತೆಗೀಬೇಡಿ. ನಾನು ಎಷ್ಟೇ ಚೆನ್ನಾಗಿ ಓಡಿಸಿದ್ರೂ ತೆಗೀಬೇಡಿ."

ಆ ಒಂದು ಉಸಿರಿನ ಸಂಗತಿ ಗೊತ್ತಿಲ್ಲದ ಅವನಿಗೆ ಅರ್ಥವಾಗಲಿಲ್ಲ. ಎಲ್ಲರೂ ತೆಗೀಲಿ ಅಂತ ಕಾಯ್ತಾರೆ, ಇವಳೊಬ್ಬಳು, ಎಂದು ಗೊಣಗಿಕೊಂಡು ಮತ್ತೆ ಮುಂದೆ ನೋಡಿದ. ಅವಳ ಅಂಗೈ ಇನ್ನೂ ಅವನ ಗಾಯದ ಮೇಲೆಯೇ ಇತ್ತು, ಅದನ್ನು ತೆಗೆಯಲು ಅವಳಿಗೆ ಹೆದರಿಕೆಯಾಗುತ್ತಿತ್ತು.